ನಾರ್ವೆ ಮೇಡಂ ತಪಾಸಣೆಗೆ ಬಂದರು

ಕೆಲವರ ಬದುಕಿನಲ್ಲಿ ನಗುವಂಥ ಪ್ರಸಂಗಗಳು ಹಬ್ಬದ ಹಾಗೆ ವರ್ಷಕ್ಕೊಮ್ಮೆ ಬರುತ್ತವೆ. ನಮ್ಮ ಆಫೀಸಿಗೆ ಅವು ಹಾಲಿನವನ ಹಾಗೆ ದಿನಾ ಬರುತ್ತವೆ. ಕಾರಣ ನಾನಲ್ಲ, ನಮ್ಮ ಮೇಡಂ.

ಮೇಡಂ ನಾರ್ವೆಯವರು. ಅಲ್ಲಿ ಬಹಳ ವರ್ಷ ರಾಜಕಾರಣ ಮಾಡಿ, ಆಮೇಲೆ ಸರ್ಕಾರಿ ಆಡಿಟರ್ ಆದವರು. ಮಗಳು ಟೊರೊಂಟೊದಲ್ಲಿ ನೆಲೆಸಿದಳು ಅಂತ ಇವರೂ ಬಂದರು. ಅಲ್ಲೇ ಉತ್ತರಕ್ಕಿರುವ ಒಂದು ಪಟ್ಟಣದ ಕೌನ್ಸಿಲ್ಲು ಇವರನ್ನು ತನ್ನ ಆಡಿಟರ್ ಮಾಡಿಕೊಂಡಿತು. ಊರಿನ ಹೆಸರು ಹೇಳುವುದಿಲ್ಲ, ನನ್ನ ಸಂಬಳ ಅಲ್ಲಿಂದಲೇ ಬರಬೇಕು. ನಾನು ಧಾರವಾಡದವಳು, ಮನೆ ಹತ್ತಿರದ ಸ್ಟೌಫ್‌ವಿಲ್ಲಿನಲ್ಲಿ, ಕೆಲಸ ಮೇಡಂ ಕೈಕೆಳಗೆ. ಕನ್ನಡದವರ ಯಾವುದೇ ಊಟದಲ್ಲಿ ಆಡಿಟರ್ ಅಂತ ಹೇಳಿಕೊಂಡರೆ ಸಾಕು, "ಹಂಗಾದ್ರ ನಮ್ಮ ಟ್ಯಾಕ್ಸ್ ಫೈಲ್ ಮಾಡಿಕೊಡ್ರಿ" ಅಂತಾರೆ. ನಮ್ಮದು ಆ ಲೆಕ್ಕವೇ ಅಲ್ಲ. ಮಾಡುತ್ತೇವೆ ಅಂತ ಊರಿಗೆ ಮಾತು ಕೊಟ್ಟ ಕೆಲಸವನ್ನು ಪಟ್ಟಣದವರು ಮಾಡಿದರೋ ಬಿಟ್ಟರೋ ಅಂತ ಹೋಗಿ ನೋಡುವವರು ನಾವು.

ಈ ಚಳಿಗಾಲ ಮುಗಿಯುವ ಹೊತ್ತಿಗೆ ಮೇಡಂ ಅವಧಿಯೂ ಮುಗಿಯುವುದಿತ್ತು. ಅವರನ್ನು ಉಳಿಸಿಕೊಳ್ಳಬೇಕೋ ಬೇಡವೋ ಅಂತ ತೀರ್ಮಾನಿಸಬೇಕಾದದ್ದು ಕೌನ್ಸಿಲ್ಲು. ಅಂದರೆ, ಮೇಡಂ ಯಾರ ತಪ್ಪು ಹಿಡಿಯುತ್ತಾರೋ ಅವರೇ. ಇಂಥ ಮೇಲಧಿಕಾರಿ ನನಗೆ ಇನ್ನೊಬ್ಬರು ಸಿಗುವುದಿಲ್ಲ ಅಂತ ಗೊತ್ತಿದ್ದರಿಂದ ಇಡೀ ಚಳಿಗಾಲ ನಾನು ದಿನ ಎಣಿಸುತ್ತಲೇ ಇದ್ದೆ.

ಬಾಯಲ್ಲಿದ್ದ ಡೋನಟ್

ಮೇಡಂ ಜೊತೆ ಮೊದಲ ಸಲ ತಪಾಸಣೆಗೆ ಹೋದದ್ದು ಹಿಮ ತೆಗೆಯುವ ಗಾಡಿಗಳ ಯಾರ್ಡಿಗೆ. ಅಲ್ಲಿನ ಸೂಪರ್‌ವೈಸರು ಪಾಪ, ಮೇಜಿನ ಮೇಲೆ ಕಾಫಿ, ಡೋನಟ್ ಜೋಡಿಸಿಟ್ಟಿದ್ದ. ಎದುರಿಗೆ ಇಟ್ಟದ್ದನ್ನು ಒಲ್ಲೆ ಅನ್ನಬಾರದು ಅಂತ ನಮ್ಮ ಮನೆಯಲ್ಲಿ ಕಲಿಸಿದ್ದಾರೆ. ನಾನು ಕೂತವಳೇ ಒಂದು ಎತ್ತಿ ಬಾಯಿಗೆ ಹಾಕಿದೆ.

ಮೇಡಂ ಮಾತ್ರ ಚೀಲದಿಂದ ತಮ್ಮ ಫ್ಲಾಸ್ಕು, ಕಾಗದದಲ್ಲಿ ಸುತ್ತಿದ ಚೀಸ್ ಬ್ರೆಡ್ಡು ತೆಗೆದರು.

"ಬರೀ ಕಾಫಿ, ಮೇಡಂ" ಅಂದ ಸೂಪರ್‌ವೈಸರು.

"ನಮ್ಮ ಕಡೆಯೂ ಮೊದಲು ಬರೀ ಕಾಫಿಯೇ ಇರುತ್ತೆ" ಅಂದರು ಮೇಡಂ. "ಆಮೇಲೆ ಮೀನು ಬರುತ್ತೆ. ಕೊನೆಗೆ ಮೀನು ಹಿಡಿಯೋ ದೋಣಿ."

ನನ್ನ ಬಾಯಲ್ಲಿ ಡೋನಟ್. ನುಂಗಿದರೆ ಲಂಚ, ಉಗುಳಿದರೆ ಅಸಹ್ಯ. ಮೇಡಂ ನನ್ನ ಕಡೆ ನೋಡಿ ಮೆಲ್ಲಗೆ, "ಅಗಿದುಬಿಡಿ. ಹೇಳಿದರಾಯಿತು" ಅಂದರು. ಹೇಳುವುದು ಅಂದರೆ ಸೂಪರ್‌ವೈಸರಿಗೆ ಥ್ಯಾಂಕ್ಸ್ ಹೇಳುವುದು ಅಂದುಕೊಂಡೆ. ವರದಿ ಹೊರಗೆ ಬಿದ್ದಾಗ ಕೊನೆಯ ಪುಟದಲ್ಲಿ ಒಂದು ಸಾಲು ಇತ್ತು: ತಪಾಸಣೆಯ ವೇಳೆ ತಂಡದ ಒಬ್ಬ ಸದಸ್ಯೆ ಒಂದು ಡೋನಟ್ ತಿಂದಿದ್ದಾರೆ.

ಊರಿಗೆಲ್ಲ ತೆರೆದಿಟ್ಟ ವರದಿ. ನನಗೆ ಸಿಟ್ಟು, ನಾಚಿಕೆ ಎರಡೂ. ಮನೆಯಲ್ಲಿ ಯಜಮಾನರು ಅದನ್ನು ಕನ್ನಡಕ ಹಾಕಿಕೊಂಡು ಗಂಭೀರವಾಗಿ ಓದಿ, "ಅಲ್ಲಾ, ಅದರಾಗ ಜಾಮ್ ಇತ್ತೋ ಕ್ರೀಮ್ ಇತ್ತೋ ಬರದೇ ಇಲ್ಲಲ್ಲ! ಇದೆಂಥಾ ಆಡಿಟ್‌ಲೇ?" ಅಂದರು.

ಕೈಕುಲುಕುವ ಚಟ

ರಾಜಕಾರಣ ಬಿಟ್ಟರೂ ಮೇಡಂ ಕೈ ಅದನ್ನು ಬಿಟ್ಟಿರಲಿಲ್ಲ. ಎದುರಿಗೆ ಮನುಷ್ಯ ಬಂದರೆ ಅದು ತಾನಾಗಿಯೇ ಮುಂದೆ ಚಾಚಿಕೊಳ್ಳುತ್ತಿತ್ತು. ಲೈಬ್ರರಿಯ ತಪಾಸಣೆ ದಿನ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈಕೊಟ್ಟರು, ಮಕ್ಕಳ ಗಲ್ಲ ಮುಟ್ಟಿದರು. ಒಬ್ಬ ಅಜ್ಜ ತನ್ನ ಬೀದಿಯ ಗುಂಡಿ ತೋರಿಸುತ್ತೇನೆ ಬನ್ನಿ ಅಂದ. ಒಬ್ಬ ಪಂಜಾಬಿ ಆಂಟಿ, "ಹಮಾರಾ ಪೂರಾ ಪರಿವಾರ್ ಆಪ್ ಕೋ ವೋಟ್ ದೇಗಾ" ಅಂತ ಮಾತೂ ಕೊಟ್ಟಳು.

ಸಂಜೆಯೊಳಗೆ ಸುದ್ದಿ ಮೇಯರ್ ಕಿವಿಗೆ ಬಿತ್ತು. ಮರುದಿನ ಮೇಡಂಗೆ ಕರೆ. ನಾನೂ ಜೊತೆಗಿದ್ದೆ.

"ನೇರವಾಗಿ ಕೇಳ್ತೀನಿ. ನನ್ನ ಎದುರು ಚುನಾವಣೆಗೆ ನಿಲ್ತಾ ಇದ್ದೀರಾ?"

"ಇಲ್ಲಪ್ಪಾ" ಅಂದರು ಮೇಡಂ. "ದಡಾರ ಒಮ್ಮೆ ಬಂದವರಿಗೆ ಮತ್ತೆ ಬರೋದಿಲ್ಲ. ನನಗೆ ಬಂದು ಹೋಗಿದೆ."

ಮೇಯರ್ ಸಮಾಧಾನದಿಂದ ಎದ್ದು ನಿಂತರು. ಮೇಡಂ ಅವರ ಕೈಯನ್ನೂ ಕುಲುಕಿ ಬಂದರು.

ನಮ್ಮ ಅತ್ತೆ ರಸ್ತೆ ದಾಟಿದ್ದು

ನಮ್ಮ ಅತ್ತೆಯವರು ಧಾರವಾಡದಿಂದ ಆರು ತಿಂಗಳಿಗೆ ಅಂತ ಬಂದು, ನಮ್ಮ ಪುಣ್ಯಕ್ಕೆ ಇನ್ನೂ ನಮ್ಮ ಜೊತೆಗೇ ಇದ್ದಾರೆ. ವಾರಕ್ಕೊಮ್ಮೆ ನನ್ನ ಕಾರಿನಲ್ಲೇ ಬಂದು ಆ ಪಟ್ಟಣದ ಸೀನಿಯರ್ಸ್ ಕ್ಲಬ್ಬಿನಲ್ಲಿ ಕೂರುತ್ತಾರೆ. ಕ್ಲಬ್ಬಿನ ಮುಂದೆ ಅಗಲವಾದ ರಸ್ತೆ. ನಡೆಯುವವರಿಗೆ ಬಿಳಿ ದೀಪ ಹತ್ತಿದರೆ ಎಂಥ ವಯಸ್ಸಾದವರೂ ಆರಾಮಾಗಿ ದಾಟಬಹುದು ಅಂತ ಟ್ರಾಫಿಕ್ ಇಂಜಿನಿಯರ್ ಬರೆದುಕೊಟ್ಟಿದ್ದ. ಮೇಡಂಗೆ ನಂಬಿಕೆ ಬರಲಿಲ್ಲ. ಕ್ಲಬ್ಬಿಗೇ ಹೋಗಿ, ಯಾರಾದರೂ ದಾಟಿ ತೋರಿಸುತ್ತೀರಾ ಅಂತ ಕೇಳಿದರು. ಎಲ್ಲರೂ ನೆಲ ನೋಡಿದರು. ಎದ್ದವರು ನಮ್ಮ ಅತ್ತೆ ಒಬ್ಬರೇ.

"ನಿಮಗ ಮೊಣಕಾಲು ನೋವಲ್ಲರೀ?" ಅಂದೆ.

"ಇರ್ಲಿ ಬಿಡವಾ. ಅಷ್ಟು ದೊಡ್ಡಾಕಿ ಕೇಳಿದ್ಮ್ಯಾಲೆ ಯಾರೂ ಏಳಲಿಲ್ಲಂದ್ರ ಆಕಿಗೆ ಅವಮಾನ ಆಗಂಗಿಲ್ಲೇನು?"

ಇಳಕಲ್ ಸೀರೆ, ಅದರ ಮೇಲೆ ನನ್ನ ಮಗನ ದಪ್ಪ ಜಾಕೆಟ್ಟು, ಕಾಲಿಗೆ ಬೂಟು. ಈ ಕಡೆ ಇಂಜಿನಿಯರ್, ಆ ಕಡೆ ಮೇಡಂ, ನಡುವೆ ನಮ್ಮತ್ತೆ. ನನ್ನ ಜೀವ ಕೈಯಲ್ಲಿ. ಅತ್ತೆ ಅರ್ಧ ದಾರಿಗೆ ಬರುವಷ್ಟರಲ್ಲಿ ದೀಪ ಕೆಂಪಾಯಿತು. ದೊಡ್ಡದೊಂದು ಟ್ರಕ್ಕು ಗುರ್ ಅಂತು. ನಾನು ಓಡಬೇಕು ಅನ್ನುವಷ್ಟರಲ್ಲಿ ಅತ್ತೆ ಅಲ್ಲೇ ನಿಂತು, ಟ್ರಕ್ಕಿನ ಕಡೆ ತಿರುಗಿ ಅಂಗೈ ಎತ್ತಿದರು.

"ಏ ತಮ್ಮಾ, ನಿಂದ್ರೋ ಅಲ್ಲೇ! ನಾ ದಾಟಾಕತ್ತೇನಿ, ಕಣ್ಣ ಕಾಣೂದಿಲ್ಲೇನು?"

ಟ್ರಕ್ಕಿನವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಪೂರ್ತಿ ಅರ್ಥವಾಯಿತು. ಅವನ ಹಿಂದಿದ್ದವರಿಗೂ ಆಯಿತು. ಅತ್ತೆ ಸೆರಗು ಸರಿಮಾಡಿಕೊಂಡು, ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್ಲಿನಲ್ಲಿ ದಾಟಿದಷ್ಟೇ ನಿಧಾನಕ್ಕೆ ದಾಟಿ ಆಚೆ ಸೇರಿದರು.

"ನೋಡಿದ್ರಾ?" ಅಂದ ಇಂಜಿನಿಯರ್. "ಸುರಕ್ಷಿತವಾಗಿ ದಾಟಿದರು."

ಮೇಡಂ ಕೂತು ವರದಿ ಬರೆದರು: ಈ ಊರಿನ ವೃದ್ಧರೆಲ್ಲರೂ ಧಾರವಾಡದಿಂದಲೇ ಬಂದವರಾಗಿದ್ದರೆ ಈ ಸಿಗ್ನಲ್ಲಿನಿಂದ ಯಾರಿಗೂ ಅಪಾಯವಿಲ್ಲ.

ಸ್ಕೀ ಕಟ್ಟಿಕೊಂಡು ತಪಾಸಣೆ

ಮೇಡಂ ಕುರ್ಚಿಗೆ ಕುತ್ತು ಬಂದದ್ದು ಇದರಿಂದ. ಹಿಮ ಬಿದ್ದ ಬೆಳಿಗ್ಗೆ ಕಾಲುದಾರಿಗಳನ್ನೆಲ್ಲ ಹೊತ್ತಿಗೆ ಸರಿಯಾಗಿ ಬಳಿದು ತೆಗೆಯುತ್ತೇವೆ ಅಂತ ಪಟ್ಟಣದ ಮಾತು. ಒಂದು ಬೆಳಿಗ್ಗೆ ಮೊಣಕಾಲುದ್ದ ಹಿಮ. ನಾನು ಕಾರು ಎಳೆದಾಡಿಕೊಂಡು ತಡವಾಗಿ ಬಂದರೆ, ಮೇಡಂ ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತ ಊರೆಲ್ಲ ಸುತ್ತಿ ಬಂದು, ಕೆಂಪಗೆ ಮಿಂಚುತ್ತ ಬ್ರೆಡ್ಡು ತಿನ್ನುತ್ತಿದ್ದರು. ಅವರ ವಯಸ್ಸಿಗೆ ನಮ್ಮ ಕಡೆಯವರು ಸೊಸೆಗೆ ಕೀಲಿಕೈ ಕೊಟ್ಟು ಕೂತಿರುತ್ತಾರೆ.

"ಸುಲಭದ ವಿಧಾನ" ಅಂದರು ನನಗೆ. "ಸ್ಕೀ ಜಾರಿದ ಕಡೆ ಹಿಮ ತೆಗೆದಿಲ್ಲ. ಸ್ಕೀ ಬಿಚ್ಚಿ ನಡೆಯಬೇಕಾದ ಕಡೆ ತೆಗೆದಿದ್ದಾರೆ."

"ಎಲ್ಲೆಲ್ಲಿ ಬಿಚ್ಚಿದಿರಿ?"

"ಒಂದೇ ಬೀದಿ."

ಆ ಬೀದಿಯಲ್ಲಿ ಇದ್ದದ್ದು ಒಬ್ಬ ಕೌನ್ಸಿಲರ್ ಮನೆ. ಮೇಡಂ ಆಮೇಲೂ ಹಿಮ ಬಿದ್ದಾಗಲೆಲ್ಲ ಹೋಗಿ ನೋಡಿದರು, ಬಿಚ್ಚಬೇಕಾದದ್ದು ಅಲ್ಲೇ. ಹಾಗೆಯೇ ಬರೆದರು. ಕೌನ್ಸಿಲರ್ ಕೆಂಡವಾದ. "ಈಕೆಯ ಅವಧಿ ಮುಗೀತಾ ಬಂತಲ್ಲ, ನೋಡ್ಕೋತೀನಿ" ಅಂತ ಕಾರಿಡಾರಿನಲ್ಲೇ ಅಂದ. ಹಿಮ ವಿಭಾಗದ ದೊಡ್ಡ ಸಾಹೇಬ ಮಾತ್ರ ವರದಿ ಓದಿ ಅರಳಿದ ಮುಖದಲ್ಲಿ ಬಂದ.

"ಅಂದ್ರೆ ಆ ಒಂದು ಬೀದಿ ಬಿಟ್ರೆ ಊರ ತುಂಬ ಎಲ್ಲೂ ಬಿಚ್ಚದೇ ಸ್ಕೀ ಮಾಡಬಹುದು ಅಂತ ಆಡಿಟರೇ ಬರೆದಿದ್ದಾರೆ. ಇದನ್ನ ಟೂರಿಸ್ಟ್ ಬ್ರೋಶರ್‌ಗೆ ಹಾಕ್ಕೋಬಹುದಾ?"

ಕೌನ್ಸಿಲ್ಲಿನ ಮುಂದೆ

ಕೊನೆಗೂ ಆ ಸಂಜೆ ಬಂತು. ಮೇಡಂ ಸಭೆಯ ನಡುವೆ ಒಬ್ಬರೇ ಕುರ್ಚಿಯಲ್ಲಿ, ನಾನು ಹಿಂದಿನ ಸಾಲಿನಲ್ಲಿ ಮನೆದೇವರ ಹೆಸರು ಜಪಿಸುತ್ತ. ಕೆಲವರು ಪರ ಇದ್ದರು, ಕೆಲವರು ಆ ಬೀದಿಯ ಕೌನ್ಸಿಲರ್ ಬಾಯಿ ನೋಡುತ್ತಿದ್ದರು. ಆತ ಎದ್ದ.

"ನೀವೂ ರಾಜಕಾರಣಿ ಆಗಿದ್ದವರು. ನೀವು ಯಾವತ್ತೂ ತಪ್ಪೇ ಮಾಡಿಲ್ವಾ? ನಿಮ್ಮ ಮೇಲೆ ಯಾವ ಆಡಿಟರೂ ವರದಿ ಬರೆದಿಲ್ವಾ?"

ನಾನು ಜಪ ನಿಲ್ಲಿಸಿ ಮುಂದಕ್ಕೆ ಬಾಗಿದೆ.

"ಬರೆದಿದ್ದಾರೆ" ಅಂದರು ಮೇಡಂ. "ನಮ್ಮ ಜಿಲ್ಲೆಯ ಸಾರಿಗೆ ನನ್ನ ಕೈಲಿತ್ತು. ಒಂದು ದ್ವೀಪಕ್ಕೆ ಹಡಗಿನ ಸರ್ವಿಸ್ ಕೊಟ್ಟೆ. ದಡದಲ್ಲಿ ರಿಬ್ಬನ್ ಕತ್ತರಿಸಿದೆ, ಬ್ಯಾಂಡ್ ಬಾರಿಸಿದರು, ನಾನು ಭಾಷಣ ಮಾಡಿದೆ. ಒಂದಷ್ಟು ದಿನ ಆದ ಮೇಲೆ ಆಡಿಟರ್ ಹೋಗಿ ನೋಡಿದ. ಹಡಗು ದಿನಾ ಹೊತ್ತಿಗೆ ಸರಿಯಾಗಿ ಹೋಗ್ತಿತ್ತು. ದ್ವೀಪದಲ್ಲಿ ಹಡಗು ನಿಲ್ಲಿಸಿ ಜನ ಇಳಿಯೋಕೆ ಜೆಟ್ಟಿಯೇ ಇರಲಿಲ್ಲ. ಹಡಗಿನಲ್ಲಿದ್ದವರು ಕೈ ಬೀಸೋರು, ದ್ವೀಪದವರೂ ಕೈ ಬೀಸೋರು, ಹಡಗು ವಾಪಸ್ ಬರೋದು."

ಮೇಯರ್ ನೀರು ಕುಡಿಯುತ್ತಿದ್ದವರು ಕೆಮ್ಮಿದರು.

"ಆ ಆಡಿಟರ್ ಮೇಲೆ ನನಗೆ ಮೈಯೆಲ್ಲ ಉರಿದುಹೋಯ್ತು" ಅಂತ ಮೇಡಂ ಕೌನ್ಸಿಲರನನ್ನೇ ನೋಡಿ ಅಂದರು, "ಈಗ ನಿಮಗೆ ಆಗಿದೆಯಲ್ಲ, ಹಾಗೇ. ಮುಂದಿನ ಚುನಾವಣೆಗೆ ದ್ವೀಪದವರೆಲ್ಲ ತಮ್ಮ ದೋಣಿ ತಾವೇ ಹುಟ್ಟು ಹಾಕ್ಕೊಂಡು ಬಂದು ನನ್ನನ್ನ ಸೋಲಿಸಿ ಹೋದರು. ಮನೇಲಿ ಕೂತು ಯೋಚನೆ ಮಾಡಿದೆ. ನಾನು ಮಾಡಿದ್ದನ್ನ ನನಗೆ ನಿಜವಾಗಿ ಹೇಳಿದವನು ಇಡೀ ಜಿಲ್ಲೆಯಲ್ಲಿ ಅವನೊಬ್ಬನೇ. ಹೋಗಿ ಅವನ ಹತ್ತಿರವೇ ಕೆಲಸ ಕಲಿತೆ."

ನನಗೆ ಈ ಕತೆ ಗೊತ್ತೇ ಇರಲಿಲ್ಲ. ಎದ್ದು ಹೋಗಿ ಕಾಲಿಗೆ ಬೀಳಬೇಕು ಅನ್ನಿಸಿತು.

"ಆಮೇಲೆ ಜೆಟ್ಟಿ ಕಟ್ಟಿದರಾ?" ಅಂತ ಮೇಯರ್ ತಡೆಯಲಾರದೆ ಕೇಳಿದರು.

"ನನ್ನ ನಂತರ ಬಂದವರು ಕಟ್ಟಿದರು. ಆಡಿಟರ್ ಆಗಿ ನಾನೇ ಹೋಗಿ ನೋಡಿದೆ. ಬಹಳ ಗಟ್ಟಿ, ಬಹಳ ಚಂದದ ಜೆಟ್ಟಿ. ಅಷ್ಟರಲ್ಲಿ ಹಡಗು ನಿಲ್ಲಿಸಿಬಿಟ್ಟಿದ್ದರು."

ಸಭೆಯ ಶಿಸ್ತೆಲ್ಲ ಹಾರಿಹೋಗಿ ಜನ ಮೇಜು ಬಡಿದು ನಕ್ಕರು. ಮೇಯರ್ ಕಣ್ಣೊರೆಸಿಕೊಂಡು, ಮೇಡಂ ಮುಂದುವರಿಯಲಿ ಅನ್ನುವವರು ಕೈ ಎತ್ತಿ ಅಂದರು. ಒಂದೊಂದಾಗಿ ಕೈಗಳು ಎದ್ದವು. ನಗದೇ ಕೂತಿದ್ದವನು ಆ ಕೌನ್ಸಿಲರ್ ಒಬ್ಬನೇ. ಮುಖ ಸಪ್ಪಗೆ, ಏನೋ ಲೆಕ್ಕ ಹಾಕುತ್ತಿದ್ದ. ಕೊನೆಗೆ ಅವನ ಕೈಯೂ ಮೇಲೆ ಹೋಯಿತು.

"ಈಕೆ ಇರಲಿ" ಅಂದ. "ಆದರೆ ನಾಳೆ ಬೆಳಿಗ್ಗೆ ಮೊದಲು ನನ್ನ ವಾರ್ಡಿಗೆ ಬರಲಿ. ಅಲ್ಲಿನ ಹೊಸ ಕಾಲುಸೇತುವೆಯ ರಿಬ್ಬನ್ ಮೊನ್ನೆ ನಾನೇ ಕತ್ತರಿಸಿದ್ದು. ಆಚೆ ತುದಿವರೆಗೆ ನಾನು ಹೋಗಿ ನೋಡಿಲ್ಲ."