ಲ್ಯಾಪ್‌ಟಾಪಿಗೆ ಹಾಲುಕ್ಕಿಸಿದ್ದು

ಬಾಡಿಗೆ ಮನೆ ಬದಲಾಯಿಸುವುದರಲ್ಲಿ ನನ್ನದು ಪಳಗಿದ ಕೈ. ಗಂಗಾನಗರದಿಂದ ಬ್ಯಾಟರಾಯನಪುರ, ಅಲ್ಲಿಂದ ಯಲಹಂಕದ ಪುಟ್ಟೇನಹಳ್ಳಿ ಎಂದು ಗಂಟುಮೂಟೆ ಹೊತ್ತು ಬಂದವನಿಗೆ, ಲ್ಯಾಪ್‌ಟಾಪಿನೊಳಗಿನ ಸಾಮಾನನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಸಾಗಿಸುವುದು ಯಾವ ಮಹಾ ಕೆಲಸ ಎನ್ನಿಸಿದ್ದು ಸಹಜವೇ. ನನ್ನ ಹಳೆಯ ಹಾರ್ಡ್‌ಡಿಸ್ಕು ಎಷ್ಟು ನಿಧಾನವಾಗಿತ್ತೆಂದರೆ, ಬಟನ್ ಒತ್ತಿ ಸ್ನಾನ ಮುಗಿಸಿ ಬಂದರೂ ಅದಿನ್ನೂ ಕಣ್ಣುಜ್ಜುತ್ತಿರುತ್ತಿತ್ತು. ಆಫೀಸಿನಲ್ಲಿ ಪಕ್ಕದ ಮೇಜಿನ ಬಸವರಾಜ, ಧಾರವಾಡದ ಕಡೆಯವನು, "ಎಸ್‌ಎಸ್‌ಡಿ ಹಾಕ್ಸ್ರಿ ಸರ, ಕುದುರಿ ಓಡ್ದಂಗ ಓಡ್ತದ" ಎಂದ. ಹಾಕಿಸುವುದೇನು, ನಾನೇ ಹಾಕುತ್ತೇನೆಂದು ಆ ವೇಗದ ಹೊಸ ಬಗೆಯ ಡಿಸ್ಕಿನಲ್ಲಿ ಕಡಿಮೆ ಜಾಗದ್ದೊಂದನ್ನು ತಂದೆ. ಹಳೆಯ ಡಿಸ್ಕನ್ನು ಅಳಿಸಿ ಅದರ ತುಂಬ ಸಿನಿಮಾ ತುಂಬಿಸಿಕೊಳ್ಳುವ ಆಸೆಯೂ ಹುಟ್ಟಿತು.

ಭಾನುವಾರ ವಿಂಡೋಸನ್ನು ಹೊಸದಕ್ಕೆ ನಕಲು ಮಾಡಿ, ಸ್ಕ್ರೂ ಬಿಚ್ಚಿ ಡಿಸ್ಕು ಬದಲಾಯಿಸಿ, ದೇವರ ಮೇಲೆ ಭಾರ ಹಾಕಿ ಬಟನ್ ಒತ್ತಿದೆ. ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಪರದೆ ಬೆಳಗಿತು. ಒಂದು ಸ್ಕ್ರೂ ಮಿಕ್ಕಿತ್ತು. ಯಾರೂ ನೋಡದಂತೆ ಜೇಬಿಗೆ ಹಾಕಿಕೊಂಡೆ. ಹಳೆಯ ಡಿಸ್ಕನ್ನು ಕೇಬಲ್ಲಿನಿಂದ ಜೋಡಿಸುತ್ತ, ಹೊಸ ಮನೆಗೆ ಬಂದಾಯಿತು, ಇನ್ನು ಹಳೆಯದನ್ನು ತೊಳೆದುಬಿಡುತ್ತೇನೆಂದು ಹೆಂಡತಿ ಸುಮನಳಿಗೆ ಹೇಳಿದ್ದು ಅಮ್ಮನ ಕಿವಿಗೆ ಬಿತ್ತು. ನಮ್ಮಲ್ಲೊಂದು ಪದ್ಧತಿಯಿದೆ. ಹೊಸ ಮನೆಯಲ್ಲಿ ಹಾಲುಕ್ಕುವ ತನಕ ಹಳೆಯ ಮನೆಯ ಬೀಗದಕೈ ಮಾಲೀಕರಿಗೆ ಕೊಡುವಂತಿಲ್ಲ.

"ಹಾಲುಕ್ಕಲಿ ಕಣೋ, ಆಮೇಲೆ ಏನ್ ಬೇಕಾದ್ರೂ ತೊಳ್ಕೋ" ಎಂದು ಅಮ್ಮ ಅಪ್ಪಣೆ ಕೊಡಿಸಿದರು. ಲ್ಯಾಪ್‌ಟಾಪಿಗೂ ಹಾಲೇ ಎಂದು ನಾನು ನಕ್ಕೆ. ಸುಮನ ನಗದೆ ಪಾತ್ರೆಯನ್ನು ಒಲೆಯ ಮೇಲಿಟ್ಟಳು. ಹಾಲು ಒಡೆಯಿತು. ಬೇರೆ ಪ್ಯಾಕೆಟ್ಟಿಗೆಂದು ಅವಳು ಅಂಗಡಿಗೆ ಹೊರಟಳು. ನಾನು ಹಳೆಯ ಡಿಸ್ಕನ್ನು ಪೂರ್ತಿ ಅಳಿಸುವ ಫಾರ್ಮ್ಯಾಟ್ ಬಟನ್ನಿನ ಮೇಲೆ ಮೌಸಿನ ಬಾಣವಿಟ್ಟುಕೊಂಡು ಗೊಣಗುತ್ತ ಕಾದೆ.

ಹಾಲುಕ್ಕುವಾಗ ಅಮ್ಮನಿಗೆ ಆರತಿ ಹಾಡು ಬೇಕೇ ಬೇಕು. ಗಂಟಲಿನ ಆಪರೇಷನ್ ಆದಮೇಲೆ ಅವರ ದನಿ ಏಳುವುದಿಲ್ಲ. ಅದಕ್ಕೂ ಮುಂಚೆ ಅವರು ಹಾಡಿದ್ದನ್ನೆಲ್ಲ ಸುಮನ ಇದೇ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದಳು, ಬೇರೆಲ್ಲೂ ಇರಲಿಲ್ಲ. ಮೊದಲ ಸಲ ಗಡಿಬಿಡಿಯಲ್ಲಿ ಮರೆತಿದ್ದ ಅಮ್ಮ ಈಗ, "ಹಾಲು ಬರೋದ್ರೊಳಗೆ ನನ್ನ ಹಾಡು ಹುಡುಕಿಡೋ" ಎಂದರು. ಹಾಡುಗಳ ಪಟ್ಟಿ ತೆರೆದು ಒಂದನ್ನು ಒತ್ತಿದೆ. ಫೈಲ್ ಸಿಗುತ್ತಿಲ್ಲ ಎಂದಿತು. ಇನ್ನೊಂದನ್ನು ಒತ್ತಿದೆ, ಅದೂ ಇಲ್ಲ. ಆಗ ಹೊಳೆಯಿತು. ಹೊಸ ಡಿಸ್ಕಿನಲ್ಲಿ ಜಾಗ ಸಾಲದೆಂದು ನಾನು ಸಾಗಿಸಿದ್ದು ವಿಂಡೋಸ್ ಇದ್ದ ಸಿ ಡ್ರೈವ್ ಎಂಬ ಭಾಗವನ್ನು ಮಾತ್ರ. ಹಾಡುಗಳಿದ್ದ ಡಿ ಡ್ರೈವ್ ಹಳೆಯ ಡಿಸ್ಕಿನಲ್ಲೇ, ಆಗಿನಿಂದ ನಾನು ಬಾಣ ಗುರಿಯಿಟ್ಟಿದ್ದ ಕಡೆಯೇ ಉಳಿದಿತ್ತು. ಫಾರ್ಮ್ಯಾಟ್ ಕಿಟಕಿಯನ್ನು ಮೆಲ್ಲಗೆ ಮುಚ್ಚಿ ಹಳೆಯ ಡಿಸ್ಕನ್ನು ತೆರೆದೆ. ಎಲ್ಲ ಹಾಡುಗಳೂ ಇದ್ದವು. ಹೋದ ಜೀವ ಬಂದಂತಾಯಿತು.

ಸುಮನ ತಂದ ಹಾಲು ಲಕ್ಷಣವಾಗಿ ಉಕ್ಕಿತು. ಅಮ್ಮನ ಹಳೆಯ ದನಿ ಮನೆಯಲ್ಲೆಲ್ಲ ಕೇಳಿಸಿತು. ಅಮ್ಮ ತುಟಿಯಲ್ಲೇ ತಾವೂ ಹಾಡಿಕೊಂಡರು. ಯಾಕಿಷ್ಟು ಬೆವರಿದ್ದೀಯ ಎಂದು ಅವರು ಕೇಳಿದ್ದಕ್ಕೆ ಸೆಕೆ ಎಂದೆ.

ಮರುದಿನ ಬಸವರಾಜ ಹಳೆಯ ಡಿಸ್ಕನ್ನು ಅಳಿಸಿದಿರೇನು ಎಂದು ವಿಚಾರಿಸಿದ. "ಬ್ಯಾಕಪ್ ನೋಡ್ಕೊಳ್ದೆ ಯಾರಾದ್ರೂ ಅಳಿಸ್ತಾರೇನಪ್ಪಾ?" ಎಂದೆ. ಅಂದಿನಿಂದ ಆಫೀಸಿನಲ್ಲಿ ಯಾರು ಡಿಸ್ಕು ಬದಲಾಯಿಸಿದರೂ ಮೊದಲು ನನ್ನ ಸಲಹೆ ಕೇಳುತ್ತಾರೆ. ಮುಂದಾಲೋಚನೆ ಇರಬೇಕು ಎಂದು ನಾನೂ ಗಂಭೀರವಾಗಿ ಬೋಧಿಸುತ್ತೇನೆ. ಹಾಲು ಒಡೆದ ವಿಷಯವೊಂದನ್ನು ಮಾತ್ರ ಹೇಳುವುದಿಲ್ಲ.