ಪುಟ್ಟಕ್ಕನ ಕಕ್ಕಸು ಕಾಮಗಾರಿ

ಬೆಕ್ಕಿಗೊಂದು ಕಕ್ಕಸು ಮಾಡಿಕೊಡುವುದು ಅರ್ಧ ದಿನದ ಕೆಲಸ ಎಂದು ನಾನು ಹೆಂಡತಿಗೆ ಮಾತು ಕೊಟ್ಟುಬಿಟ್ಟೆ. ಮಾಲೂರಿನ ಟೈಲ್ಸ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿರುವವನು ನಾನು. ಅಂಚು ಕೂದಲೆಳೆಯಷ್ಟು ಸೊಟ್ಟಗಿದ್ದರೂ ಟೈಲನ್ನು ಪಕ್ಕಕ್ಕೆ ಎತ್ತಿಡಿಸುತ್ತೇನೆ. ಇಂಥವನಿಗೆ ಬೆಕ್ಕಿನ ಕಕ್ಕಸು ಯಾವ ಲೆಕ್ಕ!

ಬೆಕ್ಕಿನ ಹೆಸರು ಪುಟ್ಟಕ್ಕ. ಹದಿನೈದು ವರ್ಷದ ಹಿಂದೆ ಸರೋಜ ಮದುವೆಯಾಗಿ ಶ್ರೀನಿವಾಸಪುರದಿಂದ ಬಂದಾಗ ಮಾವಿನ ಹಣ್ಣಿನ ಬುಟ್ಟಿಯಲ್ಲಿ ಕೂತು ಬಂದ ಮರಿ ಅದು. ಹೀಗಾಗಿ ಪುಟ್ಟಕ್ಕ ಅತ್ತೆ ಮನೆ ಕಡೆಯವಳು. ಮನೆಯಲ್ಲಿ ಅವಳ ಸ್ಥಾನಮಾನ ಸಹಜವಾಗಿಯೇ ನನಗಿಂತ ಒಂದು ಮೆಟ್ಟಿಲು ಮೇಲೆ.

ಇತ್ತೀಚೆಗೆ ಪುಟ್ಟಕ್ಕ ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿದಳು. ಸೊರಗಿದಳು. ಹಿತ್ತಿಲಿಗೆ ಹೋಗುವ ಅಭ್ಯಾಸ ಬಿಟ್ಟು ಕಾಲೊರೆಸುವ ಚಾಪೆ, ದಿನಪತ್ರಿಕೆ, ಇಸ್ತ್ರಿ ಮಾಡಿಟ್ಟ ಲುಂಗಿ ಎಂದು ಭೇದವೆಣಿಸದೆ ಎಲ್ಲದರ ಮೇಲೂ ಉಚ್ಚೆ ಹುಯ್ಯತೊಡಗಿದಳು. ಸರೋಜ ಗಾಬರಿಯಾಗಿ ಅವಳನ್ನು ಕೋಲಾರದ ಪಶುವೈದ್ಯೆಯ ಹತ್ತಿರ ಹೊರಡಿಸಿದಳು. ಬುಟ್ಟಿ ಹೊತ್ತು ನಾನೂ ಹೊರಟೆ.

ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ ಹೇಳಿದರು: "ಕಿಡ್ನಿ ವೀಕ್ ಆಗಿದೆ. ಪೂರ್ತಿ ವಾಸಿಯಾಗೋ ಕಾಯಿಲೆಯಲ್ಲ. ಆದ್ರೆ ಚೆನ್ನಾಗಿ ನೋಡ್ಕೊಂಡ್ರೆ ಇನ್ನೂ ಒಂದಷ್ಟು ಕಾಲ ಆರಾಮಾಗಿ ಇರ್ತಾಳೆ."

ಆಗಾಗ ಚರ್ಮದಡಿ ಸಲೈನ್, ಬೇರೆ ಆಹಾರ, ಕೇಳಿದಷ್ಟು ನೀರು. ಮನೆಯೊಳಗೇ ಮರಳು ಹಾಕಿದ ಒಂದು ಟ್ರೇ. ಎಷ್ಟು ಸಲ ಉಚ್ಚೆ ಮಾಡಿದಳು ಎಂದು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಸರೋಜ ಔಷಧಿ ತರಲು ಹೊರಗೆ ಹೋದ ಮೇಲೂ ಡಾಕ್ಟರ್ ನನಗೆ ಇನ್ನೂ ಏನೇನೋ ಹೇಳುತ್ತಿದ್ದರು. ನಾನು ಆಗಲೇ ಮನಸ್ಸಿನಲ್ಲಿ ನಕ್ಷೆ ಬರೆಯುತ್ತಿದ್ದೆ!

ಮೊದಲ ಹಂತದಲ್ಲಿ ಬಟ್ಟೆ ನೆನೆಸುವ ದೊಡ್ಡ ಟಬ್ಬಿಗೆ ಎದುರು ಮನೆ ಕಟ್ಟುವವರನ್ನು ಕೇಳಿ ಎಂ-ಸ್ಯಾಂಡ್ ತುಂಬಿದೆ.

"ಇದು ಜಲ್ಲಿ ಪುಡಿ ಕಣ್ರೀ. ನೀವೇ ಬರಿಗಾಲಲ್ಲಿ ನಿಂತು ನೋಡಿ," ಎಂದಳು ಸರೋಜ.

"ಒಂದೇ ಸಮ ಇದೆ ಕಣೇ. ಫಸ್ಟ್ ಕ್ವಾಲಿಟಿ!"

ಪುಟ್ಟಕ್ಕ ಟಬ್ಬಿಗೆ ಒಂದು ಸುತ್ತು ಬಂದಳು, ಮೂಸಿದಳು, ನನ್ನ ಮುಖ ನೋಡಿದಳು. ಅಲ್ಲಿಂದ ಎಲ್ಲಿಗೆ ಹೋದಳೆಂದು ನಾನು ಗಮನಿಸಲಿಲ್ಲ. ಆ ದಿನ ಕಾರ್ಖಾನೆಯಲ್ಲಿ ಯಾರೂ ನನ್ನ ಪಕ್ಕ ನಿಲ್ಲಲಿಲ್ಲ. ನನ್ನ ಶಿಸ್ತಿಗೆ ಹೆದರಿ ದೂರವಿದ್ದಾರೆ ಎಂದುಕೊಂಡೆ. ಮಧ್ಯಾಹ್ನ ಬೂಟು ಬಿಚ್ಚಿದಾಗ ಕಾರಣ ತಿಳಿಯಿತು.

ಪ್ಲಾಸ್ಟಿಕ್ಕು ಅವಳ ಅಂತಸ್ತಿಗೆ ಸರಿಹೋಗಿಲ್ಲ ಎಂದು ನಾನು ತೀರ್ಮಾನಿಸಿದೆ. ಭಾನುವಾರ ಬೆಳಿಗ್ಗೆಯೇ ಇಟ್ಟಿಗೆ, ಸಿಮೆಂಟು, ಕರಣೆ, ರಸಮಟ್ಟ ಹಿಡಿದು ಹಿತ್ತಿಲಿನ ಮೂಲೆಯಲ್ಲಿ ಕಾಮಗಾರಿ ಆರಂಭಿಸಿದೆ. ಸಂಜೆಯ ಹೊತ್ತಿಗೆ ಎರಡಡಿ ಎತ್ತರದ ಚೌಕಾಕಾರದ ಕಟ್ಟಡ ಎದ್ದು ನಿಂತಿತು! ಮುಂಭಾಗದಲ್ಲಿ ಉಚ್ಚೆ ಪುಸ್ತಕ ಇಡಲು ಪುಟ್ಟ ಗೂಡು. ಅಂಚಿಗೆ ಹೂವಿನ ಟೈಲ್ಸು. ಒಳಗೆ ಜರಡಿ ಹಿಡಿದ ಮೆತ್ತನೆ ಮಣ್ಣು.

"ಇಷ್ಟು ಎತ್ತರ ಯಾಕ್ರೀ?" ಎಂದಳು ಸರೋಜ.

"ಮರ್ಯಾದಸ್ಥ ಬೆಕ್ಕಿಗೆ ಮರೆ ಬೇಡವೇನೇ?"

ಸಿಮೆಂಟು ಒಣಗಿದ ಮೇಲೆ ಪುಟ್ಟಕ್ಕನನ್ನು ಎತ್ತಿ ಒಳಗೆ ಬಿಟ್ಟೆ. ಅವಳು ಸುಮ್ಮನೆ ಕುಳಿತಳು. ಬಳಸುವ ವಿಧಾನ ತಿಳಿಯದೆ ಇರಬಹುದು ಎನ್ನಿಸಿತು. ಅವಳನ್ನು ಒಳಗೇ ಒಂದು ಮೂಲೆಗೆ ಸರಿಸಿ, ನಾನೇ ಒಳಗಿಳಿದು, ಲುಂಗಿ ಎತ್ತಿ ಕಟ್ಟಿ, ಕುಕ್ಕರುಗಾಲಿನಲ್ಲಿ ಕುಳಿತೆ. ಎರಡೂ ಕೈಯಲ್ಲಿ ಮಣ್ಣು ಕೆರೆಯುತ್ತಾ, "ನೋಡು ಪುಟ್ಟಕ್ಕ, ಹೀಗೆ ಗುಂಡಿ ತೋಡ್ಬೇಕು. ಆಮೇಲೆ ಹೀಗೆ ಮುಚ್ಬೇಕು," ಎಂದು ಪಾಠ ಮಾಡಿದೆ.

"ಏಂ ಚೇಸ್ತುನ್ನಾವು ನಾಯನಾ?"

ತಲೆಯೆತ್ತಿದೆ. ಕಾಂಪೌಂಡಿನ ಮೇಲಿಂದ ಪಕ್ಕದ ಮನೆಯ ನಾರಾಯಣಮ್ಮನವರ ಮುಖ! ಮುಳಬಾಗಿಲಿನ ಕಡೆಯವರು. ಸಂತೋಷವಾದಾಗ ಅವರಿಗೆ ತೆಲುಗು ತಾನಾಗಿ ಬರುತ್ತದೆ. ಏನು ಮಾಡ್ತಿದ್ದೀಯಪ್ಪಾ ಎಂದು ಕೇಳಿದ್ದರು.

ಲುಂಗಿಯ ಅಂಚನ್ನು ಕೆಳಗೆಳೆದುಕೊಂಡೆ. ಅವರೇ ನನ್ನನ್ನು ಕಾಪಾಡಿದರು. "ತುಳಸಿ ಕಟ್ಟೆಗೆ ಮಣ್ಣು ಸಡಿಲ ಮಾಡ್ತಿದ್ದೀಯಾ? ಎಂತ ಬಾಗುಂದಿ, ಎಷ್ಟು ಚೆನ್ನಾಗಿದೆ!"

ಬೆಕ್ಕಿಗೆ ತರಬೇತಿ ಕೊಡುತ್ತಿದ್ದೇನೆ ಎಂದು ಆ ಭಂಗಿಯಲ್ಲಿ ಹೇಗೆ ಹೇಳಲಿ? "ಹೌದಮ್ಮ," ಎಂದುಬಿಟ್ಟೆ.

ಮರುದಿನ ಕೆಲಸದಿಂದ ಬಂದು ನೋಡಿದರೆ ನನ್ನ ಕಟ್ಟಡಕ್ಕೆ ಅರಿಶಿನ ಕುಂಕುಮ ಬಿದ್ದಿತ್ತು. ಮುಂದೆ ರಂಗೋಲಿ, ಗೂಡಿನಲ್ಲಿ ದೀಪ, ನಡುವೆ ಒಂದು ಗೇಣಿನ ತುಳಸಿ ಗಿಡ. ನಾರಾಯಣಮ್ಮ ಇನ್ನಿಬ್ಬರು ಹೆಂಗಸರನ್ನು ಕರೆತಂದು ಶಾಸ್ತ್ರೋಕ್ತವಾಗಿ ನೆಟ್ಟು ಹೋಗಿದ್ದರು. ಪುಟ್ಟಕ್ಕ ರಂಗೋಲಿಯ ಪಕ್ಕ ಭಕ್ತಿಯಿಂದ ಮಲಗಿದ್ದಳು.

"ಅದು ಬೆಕ್ಕಿನ ಕಕ್ಕಸು ಕಣೇ!" ಎಂದು ಕೂಗಿದೆ.

"ಮೆಲ್ಲಗೆ ಮಾತಾಡ್ರೀ! ನೀವೇ ಹೌದು ಅಂದಿದ್ರಂತೆ. ಪ್ರಸಾದ ಇಟ್ಟಿದ್ದೀನಿ, ತಿನ್ನಿ."

ತಿಂದೆ. ಒಳ್ಳೆಯ ರುಚಿಯಾಗಿತ್ತು.

ಇನ್ನು ಉಳಿದದ್ದು ಕಠಿಣ ಕ್ರಮ. ಟಬ್ಬನ್ನು ಮತ್ತೆ ಒಳಗೆ ತಂದು ಮೆತ್ತನೆ ಮಣ್ಣು ತುಂಬಿದೆ. ಚಾಪೆಗಳನ್ನು ಸುತ್ತಿಟ್ಟೆ, ಬೂಟುಗಳನ್ನು ಸಜ್ಜೆಗೆ ಏರಿಸಿದೆ, ಕೋಣೆಗಳ ಬಾಗಿಲು ಹಾಕಿದೆ. ಬೇರೆ ದಾರಿಯೇ ಇಲ್ಲದಿದ್ದರೆ ಟಬ್ಬಿಗೆ ಹೋಗಲೇಬೇಕಲ್ಲ!

ಹೋಗಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದು ಹನಿಯೂ ಇಲ್ಲ. ನೀರಿನ ಬಟ್ಟಲನ್ನೂ ಮುಟ್ಟಲಿಲ್ಲ. ಸರೋಜ ಡಾಕ್ಟರಿಗೆ ಫೋನ್ ಮಾಡಿದಳು. "ಸಾಯಂಕಾಲದೊಳಗೆ ಮಾಡದಿದ್ರೆ ತಕ್ಷಣ ಕರ್ಕೊಂಡ್ ಬನ್ನಿ, ತಡ ಮಾಡ್ಬೇಡಿ," ಎಂದರಂತೆ. ಫೋನ್ ಇಟ್ಟವಳು ಪುಟ್ಟಕ್ಕನ ಪಕ್ಕ ನೆಲದ ಮೇಲೆ ಕುಳಿತು, ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ನೀರಿನ ಬಟ್ಟಲನ್ನು ಪುಟ್ಟಕ್ಕನ ಮೂತಿಯ ಹತ್ತಿರ ಸರಿಸಿದೆ.

ಮೂರು ಗಂಟೆಯ ಹೊತ್ತಿಗೆ ಪುಟ್ಟಕ್ಕ ಎದ್ದಳು. ನಿಧಾನವಾಗಿ ಟಬ್ಬಿನ ಹತ್ತಿರ ನಡೆದಳು. ನಾವಿಬ್ಬರೂ ಉಸಿರು ಬಿಗಿಹಿಡಿದೆವು. ಮುಂಗಾಲು ಎರಡನ್ನೂ ಅಂಚಿನ ಮೇಲಿಟ್ಟಳು. ಹಿಂಗಾಲು ಎತ್ತಲು ನೋಡಿದಳು. ಜಾರಿತು. ಇನ್ನೊಮ್ಮೆ ನೋಡಿದಳು. ಮತ್ತೆ ಜಾರಿತು. ಆಮೇಲೆ ಅಲ್ಲೇ ಕುಳಿತು, ತನ್ನದೇ ತಪ್ಪು ಎಂಬಂತೆ ನಮ್ಮ ಕಡೆ ನೋಡಿದಳು.

"ಅಯ್ಯೋ, ಅವಳಿಗೆ ಹತ್ತೋಕೇ ಆಗ್ತಿಲ್ಲ ಕಣ್ರೀ! ಮಂಡಿ ನೋವು!" ಎಂದಳು ಸರೋಜ.

ಹತ್ತಲಾರದ ಮುದುಕಿಗೆ ಎರಡಡಿ ಗೋಡೆ ಕಟ್ಟಿ, ಅಂಚಿಗೆ ಹೂವಿನ ಟೈಲ್ಸು ಹಾಕಿದ್ದೆ.

ಸರೋಜ ಯೋಚಿಸುತ್ತ ಕೂರಲಿಲ್ಲ. ಕುರ್ಚಿ ಹತ್ತಿ ಬೀರುವಿನ ಮೇಲಿಂದ ನನ್ನ ಕೇರಂ ಬೋರ್ಡು ಎಳೆದಳು.

"ಏಯ್, ಅದು ನನಗೆ ಬಹುಮಾನ ಬಂದಿದ್ದು ಕಣೇ!"

"ಇದರ ಅಂಚು ಎರಡೇ ಬೆರಳು. ಸುಮ್ನೆ ಮಣ್ಣು ತನ್ನಿ."

ತಂದೆ. ಬೋರ್ಡಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಕರಿಬೇವಿನ ಬುಡದ ಮೆತ್ತನೆ ಮಣ್ಣು ಹರಡಿದಳು. ಪುಟ್ಟಕ್ಕ ಒಂದು ಕಾಲಿಟ್ಟಳು. ಇನ್ನೊಂದಿಟ್ಟಳು. ಗಂಭೀರವಾಗಿ ನಡುಮಧ್ಯಕ್ಕೆ ನಡೆದು, ನಾನು ವರ್ಷಗಟ್ಟಲೆ ರೆಡ್ ಇಡುತ್ತಿದ್ದ ಜಾಗದಲ್ಲೇ ಕುಳಿತು, ಒಂದು ನಿಮಿಷ ಪೂರ್ತಿ ಸುರಿಸಿದಳು!

ನಾವಿಬ್ಬರೂ ಚಪ್ಪಾಳೆ ತಟ್ಟಿದೆವು. ಸರೋಜ ನಗುತ್ತ ನಗುತ್ತ ಅತ್ತಳು. ಸದ್ದು ಕೇಳಿ ನಾರಾಯಣಮ್ಮ, "ಏನು ಶುಭ ಸಮಾಚಾರ?" ಎಂದು ಓಡಿ ಬಂದರು. ಈ ಸಲ ಸರೋಜ ನಿಜ ಹೇಳಿದಳು, ತುಳಸಿ ಕಟ್ಟೆಯ ಸಂಗತಿಯೊಂದನ್ನು ಬಿಟ್ಟು. ನಾರಾಯಣಮ್ಮ ಬೆಕ್ಕಿಗೆ ದೃಷ್ಟಿ ತೆಗೆದು ಹೋದರು.

ಮುಂದಿನ ವಾರ ಕೋಲಾರದಲ್ಲಿ ಡಾಕ್ಟರ್ ಉಚ್ಚೆ ಪುಸ್ತಕ ನೋಡಿ ತಲೆದೂಗಿದರು. ಪುಟ್ಟಕ್ಕ ಸ್ವಲ್ಪ ಮೈ ತುಂಬಿಕೊಂಡಿದ್ದಳು. ಡಾಕ್ಟರ ಬೆರಳು ನೆಕ್ಕಿದಳು.

"ಗುಡ್. ತಗ್ಗಿನ ಟ್ರೇ ಇಟ್ಟಿದ್ದೀರಾ ತಾನೇ? ಅವತ್ತೇ ಹೇಳಿದ್ನಲ್ಲ, ಮಂಡಿ ಹಿಡ್ಕೊಂಡಿದೆ, ಅಂಚು ಎತ್ತರ ಇರಬಾರದು ಅಂತ."

ಸರೋಜ ನನ್ನ ಕಡೆ ತಿರುಗಿದಳು. ನಾನು ಗೋಡೆಯ ಮೇಲಿದ್ದ ಹಸುವಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಿದೆ. ಅವಳು ಬಿಡಲಿಲ್ಲ. ಟಬ್ಬು, ಬೂಟು, ಕುಕ್ಕರುಗಾಲು, ಎಲ್ಲವನ್ನೂ ಡಾಕ್ಟರಿಗೆ ಹೇಳಿದಳು. ಡಾಕ್ಟರ್ ಮೇಜು ಹಿಡಿದುಕೊಂಡು ನಕ್ಕರು. ಕಾಂಪೌಂಡರ್ ಒಳಗಿಂದ ಬಂದು, ಕಾರಣ ತಿಳಿಯದೆಯೇ ನಕ್ಕರು.

ಕೊನೆಗೆ ಡಾಕ್ಟರ್ ಕಣ್ಣೊರೆಸಿಕೊಂಡು, "ನೀವು ಎಲ್ಲಿ ಕೆಲಸ ಮಾಡೋದು ಸರ್?" ಎಂದು ಕೇಳಿದರು.

"ಟೈಲ್ಸ್ ಫ್ಯಾಕ್ಟರಿಯಲ್ಲಿ."

"ಓ, ಲೋಡಿಂಗಾ?"

ಅಳತೆಯಲ್ಲಿ ಬೇರೆಯವರ ತಪ್ಪು ಹುಡುಕುವುದೇ ನನ್ನ ಕೆಲಸ ಎಂದು ಹೇಳಲು ಬಾಯಿ ತೆರೆದೆ. ಸರೋಜಳ ಮುಖ ನೋಡಿದೆ.

"ಹ್ಞೂಂ ಮೇಡಂ, ಲೋಡಿಂಗು," ಎಂದು ಬುಟ್ಟಿ ಎತ್ತಿಕೊಂಡೆ.