ಡಯೋಡಿನ ಹಣೆ ಮತ್ತು ಮಹಿಳಾ ಸಮಾಜದ ರೇಡಿಯೋ

ಇಂದ:
ಗುರುಶಾಂತಮ್ಮ, ಬಿ.ಎ.,
ನಿವೃತ್ತ ಉಪಾಧ್ಯಾಯಿನಿ, ಕಾರ್ಯದರ್ಶಿ, ಮಹಿಳಾ ಸಮಾಜ,
ಹೊಸಗದ್ದೆ, ಆಲೂರು ತಾಲ್ಲೂಕು

ಗೆ:
ಶ್ರೀ ಗುಂಡಯ್ಯನವರು,
ಚೇರ್ಮನ್, ಗ್ರಾಮ ಪಂಚಾಯ್ತಿ, ಹೊಸಗದ್ದೆ

ದಿನಾಂಕ: 1964ನೇ ಇಸವಿ, ಶನಿವಾರ, ಊಟಕ್ಕೆ ಮುಂಚೆ

ವಿಷಯ: ಸಮಾಜದ ರೇಡಿಯೋವನ್ನು ತಮ್ಮ ಬೀರುವಿಗೆ ಸೇರಿಸದಿರುವ ಬಗ್ಗೆ.

ಉಲ್ಲೇಖ: (1) ಕಾರ್ಬೈಡ್ ದೀಪದ ವಾಸನೆ, ಅರ್ಜಿದಾರಳ ಬಾಲ್ಯ. (2) “ಮೂಕವಾಗಿರುವ ರೇಡಿಯೋವನ್ನು ಶನಿವಾರ ಸಂಜೆಯೊಳಗೆ ಪಂಚಾಯ್ತಿಗೆ ಹಿಂದಿರುಗಿಸತಕ್ಕದ್ದು” ಎಂಬ ತಮ್ಮ ನೋಟೀಸು.

ಮಾನ್ಯರೇ,

ಉಲ್ಲೇಖ ಒಂದರ ವಾಸನೆಯು ಕೊಳೆತ ಬೆಳ್ಳುಳ್ಳಿಯದನ್ನು ಹೋಲುತ್ತಿತ್ತು. ಕಂದಾಯ ಇಲಾಖೆಯಲ್ಲಿ ಶೇಕ್‌ದಾರರಾಗಿದ್ದ ತಂದೆಯವರು ಸಂಜೆ ಮನೆಗೆ ಬರುವಾಗ ಮೊದಲು ಸೈಕಲ್ ದೀಪದ ಆ ವಾಸನೆ ಬರುತ್ತಿತ್ತು, ಆಮೇಲೆ ಗಂಟೆ, ಆಮೇಲೆ ತಂದೆ. ಮಗಳನ್ನು ಕ್ಯಾರಿಯರ್ ಮೇಲೆ ಕೂರಿಸಿ ಅಂಗಳ ಸುತ್ತಿಸುತ್ತಿದ್ದರು. ಪೆಡಲು ಮಾತ್ರ ಎಂದೂ ಕೊಡಲಿಲ್ಲ. ಆ ಕಾರಣದಿಂದಲೇ, ಸಮಾಜದ ರೇಡಿಯೋ ಬ್ಯಾಟರಿಯನ್ನು ಸೈಕಲ್ ತುಳಿದು ಚಾರ್ಜು ಮಾಡಬಹುದೆಂದು ಸಕಲೇಶಪುರದ ಲಾರಿ ಮಾಲೀಕ ಮಹಮ್ಮದ್ ಇಸ್ಮಾಯಿಲರು ಹೇಳಿದ ಕೂಡಲೇ ಅರ್ಜಿದಾರಳು ಹಿಂದುಮುಂದು ನೋಡದೆ ಒಪ್ಪಿದಳು. ಮುಂದೆ ನಡೆದದ್ದನ್ನು ಕೆಳಕಂಡಂತೆ ನಿವೇದಿಸಲಾಗಿದೆ.

1. ಸ್ಟ್ಯಾಂಡು ಹಾಕಿ ನಿಲ್ಲಿಸಿದ ಸೈಕಲ್ಲಿನ ಹಿಂಚಕ್ರಕ್ಕೆ ಡೈನಮೋ ತಾಗಿಸಿದೆ. ಡೈನಮೋದ ಕರೆಂಟಿಗೆ ಸ್ಥಿರಬುದ್ಧಿಯಿಲ್ಲ; ಒಮ್ಮೆ ಮುಂದಕ್ಕೆ ನೂಕುತ್ತದೆ, ಮರುಕ್ಷಣ ಹಿಂದಕ್ಕೆ ಎಳೆಯುತ್ತದೆ. ಆದ್ದರಿಂದ ನಡುವೆ ಡಯೋಡ್ ಎಂಬ ಕಾವಲುಗಾರ ಬೇಕು. ಗಾತ್ರ ಮೆಣಸಿನಕಾಳಿಗಿಂತ ತುಸು ದೊಡ್ಡದು. ಸೈಕಲ್ ಟ್ಯೂಬಿನ ವಾಲ್ವ್ ಗಾಳಿಯನ್ನು ಒಳಗೆ ಬಿಟ್ಟು ಹೊರಗೆ ಬಿಡದಂತೆ, ಇದು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಇಸ್ಮಾಯಿಲರು ಅದನ್ನು ಬೆಂಗಳೂರಿಂದ ಬೆಂಕಿಪೊಟ್ಟಣದಲ್ಲಿಟ್ಟು ತಂದುಕೊಟ್ಟು, ಲಾರಿಗೆ ಹೊತ್ತಾಯಿತೆಂದು ಹೊರಟುಹೋದರು.

2. ಸದರಿ ಡಯೋಡಿನ ಒಂದು ತುದಿಗೆ ಬಿಳಿ ಪಟ್ಟೆಯಿತ್ತು. ಪಟ್ಟೆಯೆಂದರೆ ವಿಭೂತಿ, ವಿಭೂತಿಯಿದ್ದ ಕಡೆ ಹಣೆ, ಹಣೆಯಿದ್ದ ಕಡೆ ಮುಖ, ಮುಖ ಬರುವವರ ಕಡೆಗಿರಬೇಕು. ಆದ್ದರಿಂದ, ಬಿ.ಎ. ಓದಿದ ಅರ್ಜಿದಾರಳ ಆದೇಶದಂತೆ, ಪಟ್ಟೆಯನ್ನು ಡೈನಮೋದತ್ತ ತಿರುಗಿಸಿ ತಂತಿ ಬಿಗಿಯಲಾಯಿತು. ಕುಂಕುಮವನ್ನೂ ಇಡಲಾಯಿತು.

3. ಎಲ್ಲರೂ ಸರದಿಯಲ್ಲಿ ತುಳಿದೆವು. ತುಳಿದಷ್ಟೂ ಬ್ಯಾಟರಿ ಬಡವಾಯಿತು. ಸೈಕಲ್ ನಿಂತಿದ್ದಾಗಲೂ ಡೈನಮೋ ಕಾದು ಬಿಸಿಯಾಗುತ್ತಿತ್ತು. ಎಸ್ಟೇಟ್ ಕೆಲಸ ಮುಗಿಸಿ ಬರುವ ಹುಲಿಯಮ್ಮ ಅದನ್ನು ಮುಟ್ಟಿ, “ಅಯ್ಯೋ, ಸುಸ್ತಾಗ್ಬುಟ್ಟೈತೆ ಕಣ್ರವ್ವ! ಜ್ವರ ಬಂದಂಗೈತೆ!” ಎಂದು ಒದ್ದೆಬಟ್ಟೆ ಹಾಕಿದಳು. ರೇಡಿಯೋ ಮೂಕವಾಯಿತು. ತಮ್ಮ ನೋಟೀಸು ಬಂತು.

ಈ ಊರಿನಲ್ಲಿ ಹೆಂಗಸರು ಕೈಯಲ್ಲಿ ಮೊರವಿಲ್ಲದೆ ಒಟ್ಟಿಗೆ ಕೂರಲು ಇರುವ ನೆಪ ಆ ರೇಡಿಯೋ ಒಂದೇ ಎಂಬುದನ್ನು ತಾವು ಗಮನಿಸಿರಲಿಕ್ಕಿಲ್ಲ.

4. ಇಂದು ಬೆಳಿಗ್ಗೆ ಇಸ್ಮಾಯಿಲರು ಕಾಫಿ ಹೇರಿದ್ದ ಲಾರಿಯನ್ನು ರಸ್ತೆಯಲ್ಲೇ ನಿಲ್ಲಿಸಿ ಬಂದರು.

“ಅಮ್ಮಾವ್ರೇ, ಪಟ್ಟೆ ಯಾಕೆ ಈ ಕಡೆಗೈತೆ?”

“ಅದು ಹಣೆ ಅಲ್ವೇನಪ್ಪಾ?”

ಅವರು ತಕ್ಷಣ ಗೋಡೆಯತ್ತ ತಿರುಗಿ ಬಹಳ ಹೊತ್ತು ಕೆಮ್ಮಿದರು. “ನಮ್ ಲಾರಿಗೆ ಬಿಳಿ ಪಟ್ಟೆ ಹೊಡೆಯೋದು ಹಿಂದ್ಗಡೆ, ಅಮ್ಮಾವ್ರೇ. ಅದು ಕರೆಂಟು ಹೊರಗೋಗೋ ಬಾಗ್ಲು. ಬ್ಯಾಟ್ರಿ ಕಡೆಗಿರ್ಬೇಕು. ನೀವು ತಿರುಗಿಸಿಟ್ಟಿದ್ಕೆ ಬ್ಯಾಟ್ರೀಲಿದ್ದಿದ್ದೆಲ್ಲ ಡೈನಮೋಗೆ ಹರ್ದೋಗೈತೆ.”

“ಹಂಗಾರೆ ನಾವು ಕುಂಕುಮ ಇಟ್ಟಿದ್ದು ಅದ್ರ ಬೆನ್ನಿಗಾ?” ಎಂದಳು ಹುಲಿಯಮ್ಮ. ಅನಂತರ ನಗುವಿನ ಕಾರಣ ಸಭೆಯನ್ನು ಕೆಲಕಾಲ ಮುಂದೂಡಲಾಯಿತು.

ಅರ್ಜಿದಾರಳ ಮುಖ ಸಣ್ಣದಾದದ್ದನ್ನು ಕಂಡು ಇಸ್ಮಾಯಿಲರು, “ಕಂಪ್ನಿಯೋರು ಒಂದು ಬಾಣ ಬರ್ದಿದ್ರೆ ಏನಾಗೋದು? ತಪ್ಪು ಅವರ್ದೇ ಬಿಡಿ” ಎಂದರು. ಈ ಉಪಕಾರವನ್ನು ದಾಖಲೆಗಾಗಿ ಇಲ್ಲಿ ಬರೆಯಲಾಗಿದೆ.

5. ಡಯೋಡನ್ನು ತಿರುಗಿಸಲಾಯಿತು. ಒಬ್ಬ ಸದಸ್ಯೆ ಸೆರಗು ಸಿಕ್ಕಿಸಿ ಸೈಕಲ್ ಹತ್ತಿದವರು ಎಷ್ಟು ಕರೆದರೂ ಇಳಿಯಲಿಲ್ಲ. “ಇನ್ನೊಂಚೂರು, ಮೇಡಮ್ಮೋರೇ! ಈಗ ಇಳಿಜಾರು ಬಂದೈತೆ!” ಎಂದರು. ಸೈಕಲ್ ನಿಂತಲ್ಲೇ ಇತ್ತೆಂಬುದನ್ನು ತಿಳಿಸಬಯಸುತ್ತೇವೆ. ಎಲ್ಲಿಗೆ ಬಂದೆಯೆಂದು ಹುಲಿಯಮ್ಮ ಕೇಳಿದಾಗ, “ಯಸಳೂರು ದಾಟ್ಬುಟ್ಟೆ ಕಣೇ!” ಎಂದರು. ಮದುವೆಯಾಗಿ ಬಂದ ಮೇಲೆ ಬಾವಿಯಿಂದಾಚೆ ಹೋಗದ ಈ ಸವಾರರು ತಮ್ಮ ಧರ್ಮಪತ್ನಿ ಶ್ರೀಮತಿ ಪಂಕಜಾಕ್ಷಿಯವರು.

6. ಮಧ್ಯಾಹ್ನಕ್ಕೆ ಸರಿಯಾಗಿ ರೇಡಿಯೋ ಮೊದಲು ಕರಕರ ಎಂದಿತು, ಆಮೇಲೆ ಕಾಂಪೋಸ್ಟ್ ಗೊಬ್ಬರದ ಬಗ್ಗೆ ಮಾತನಾಡಿತು. ನಾವೆಲ್ಲ ಗೊಬ್ಬರಕ್ಕೆ ಚಪ್ಪಾಳೆ ತಟ್ಟಿದೆವು.

ಆದ್ದರಿಂದ, ರೇಡಿಯೋ ಮೂಕವೆಂಬ ಕಾರಣವೇ ಇಲ್ಲವಾದ ಕಾರಣ, ನೋಟೀಸನ್ನು ಹಿಂದಕ್ಕೆ ಪಡೆದು ರೇಡಿಯೋವನ್ನು ಸಮಾಜದಲ್ಲೇ ಉಳಿಸಬೇಕೆಂದು ಕೋರಿಕೆ.

ತಮ್ಮ ಊಟದ ಹೊತ್ತನ್ನು ಬಲ್ಲ ವಿಶ್ವಾಸಿ,
ಗುರುಶಾಂತಮ್ಮ

ಲಗತ್ತು:
(ಅ) ತಮ್ಮ ನೋಟೀಸು.
(ಆ) ತಮ್ಮ ಊಟ. ಅಕ್ಕಿರೊಟ್ಟಿ, ಎಳೆಬಿದಿರಿನ ಕಳಲೆ ಪಲ್ಯ. ಪಂಕಜಾಕ್ಷಿಯವರು ಬೆಳಿಗ್ಗೆಯೇ ಮಾಡಿಟ್ಟು ಬಂದದ್ದು. ಹುಲಿಯಮ್ಮ ತಮ್ಮ ಮನೆಯಿಂದ ತಂದು, ಬಿಸಿ ಮಾಡಿ ಡಬ್ಬಿಗೆ ತುಂಬಿದ್ದಾಳೆ.

ವಿ.ಸೂ.: ಊಟಕ್ಕೆ ಬಡಿಸಲು ಮನೆಯವರನ್ನು ಈಗ ಕರೆಯಬಾರದೆಂದು ವಿನಂತಿ, ಅವರು ಘಾಟಿ ಇಳಿಯುತ್ತಿದ್ದಾರೆ. ಇಸ್ಮಾಯಿಲರು ಹೋಗುವ ದಾರಿಯಲ್ಲಿ ಡಬ್ಬಿಯನ್ನು ತಮ್ಮ ಕೈಗಿತ್ತು ಹೋಗುವರು.